ದರ್ಜಿ ಬಚ್ಚಲುಮನೆಗೆ ಅಳತೆ ತೆಗೆದದ್ದು

ಭಗವಂತ ಭೂಮಿಗೆ ಕಳಿಸುವಾಗ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟು ಕಳಿಸುತ್ತಾನೆ. ಒಬ್ಬರಿಗೆ ಕಂಠ, ಒಬ್ಬರಿಗೆ ತೋಳು, ಇನ್ನೊಬ್ಬರಿಗೆ ಚೆಂದದ ಹಲ್ಲಿನ ಸಾಲು. ನಮ್ಮ ದರ್ಜಿಯ ಸರದಿ ಬರುವ ಹೊತ್ತಿಗೆ ಉಗ್ರಾಣದಲ್ಲಿ ಉಳಿದಿದ್ದದ್ದು ಎರಡೇ: ಅಳತೆ ಹಿಡಿಯುವ ಕಣ್ಣು ಮತ್ತು ಹೆದರಿಕೆ. ದೇವರು ಉದಾರಿ, ಎರಡನ್ನೂ ಕೊಟ್ಟ. ಹೆದರಿಕೆ ಸುರಿಯುವಾಗ ಮಾತ್ರ ಅವನ ಕೈ ಸ್ವಲ್ಪ ಜಾರಿತು.

ಹಾಗಾಗಿ ದರ್ಜಿ ನಾಯಿಗೆ ಹೆದರುತ್ತಿದ್ದ. ನಾಯಿ ಕಾಣದ ಬೀದಿಗೆ ಇನ್ನೂ ಹೆದರುತ್ತಿದ್ದ, ಅದು ಎಲ್ಲಿ ಅಡಗಿದೆಯೋ ಎಂದು. ಹೆಂಡತಿಯ ದನಿಗೆ ಹೆದರುತ್ತಿದ್ದ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದುದು ತನ್ನ ಮನೆಯ ಬಚ್ಚಲುಮನೆಗೆ. ಅಲ್ಲಿ ನೆಲಕ್ಕೆ ಪಾಚಿ ಹಿಡಿದಿತ್ತು. ಗೀಸರು ಬಿಸಿಯಾಗುವಾಗ ಯಾರೋ ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು. ಬಲ್ಬಿನ ಸ್ವಿಚ್ಚು ಮುಟ್ಟುವ ಮುಂಚೆ ಅವನು ಕಣ್ಣು ಮುಚ್ಚಿ ದೇವರ ನಾಮ ಹೇಳಿಕೊಳ್ಳುತ್ತಿದ್ದ. ಮೈಮೇಲೆ ನೀರು ಹೊಯ್ದುಕೊಳ್ಳುವಾಗ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ನಲ್ಲಿ. ಸೋಪು ಹಚ್ಚುವುದಕ್ಕೆ ಮೂರನೆಯ ಕೈ ಇಲ್ಲದ್ದರಿಂದ ಸೋಪು ತಿಂಗಳುಗಟ್ಟಲೆ ಬಾಳುತ್ತಿತ್ತು.

ಹೆಂಡತಿಯೇ ಕೊನೆಗೆ ಅಪ್ಪಣೆ ಕೊಟ್ಟಳು. “ಬಚ್ಚಲು ರಿಪೇರಿ ಮಾಡಿಸ್ರೀ. ನೆಲ ಜಾರಬಾರದು, ಹಿಡ್ಕೊಳ್ಳೋಕೆ ಗೋಡೆಗೊಂದು ಕಂಬಿ ಇರಬೇಕು. ಅಷ್ಟೇ. ಬೇರೆ ವೈಯಾರ ಬೇಡ.”

ವೈಯಾರ ಬೇಡ ಎಂದಳಲ್ಲ, ಅಲ್ಲೇ ಎಡವಟ್ಟಾಯಿತು. ಯಾಕೆಂದರೆ ಅದಾಗಲೇ ದರ್ಜಿಯ ಮನಸ್ಸಿಗೆ ವೈಯಾರ ಹೊಕ್ಕಿತ್ತು. ದೊಡ್ಡ ಮನೆಯೊಂದಕ್ಕೆ ಪರದೆಯ ಅಳತೆ ತೆಗೆಯಲು ಹೋಗಿದ್ದಾಗ ಅಲ್ಲಿ ಬಾತ್‌ಟಬ್ಬು ನೋಡಿಬಿಟ್ಟಿದ್ದ. ಬೆಳ್ಳಗೆ, ನುಣ್ಣಗೆ, ಮನುಷ್ಯ ಅಂಗಾತ ಮಲಗಿಯೇ ಸ್ನಾನ ಮಾಡುವಂಥದ್ದು. ಮಲಗಿದವನು ಜಾರಿ ಬೀಳುವ ಭಯವೇ ಇಲ್ಲವಲ್ಲ! ಅವನ ಬುದ್ಧಿಗೆ ಅದು ಸಾಕ್ಷಾತ್ ಅಭಯಹಸ್ತದ ಹಾಗೆ ಕಂಡಿತು. ಹೆಂಡತಿಗೆ ಹೇಳದೆ ತರಿಸಿ ಒಂದು ದಿನ ಬೆರಗುಗೊಳಿಸಬೇಕು ಎಂದುಕೊಂಡ. ಹೇಳಿದರೆ ಬೈಗುಳ ತಪ್ಪದು ಎಂಬುದೂ ಲೆಕ್ಕದಲ್ಲಿತ್ತು.

ಗಾರೆ ಮೇಸ್ತ್ರಿ ಬಂದ. ಸಿಮೆಂಟು ಚೀಲದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಚ್ಚಲುಮನೆಯ ನಕ್ಷೆ ಬರೆದು ತೋರಿಸಿದ: ಇಲ್ಲಿ ಕಮೋಡು, ಇಲ್ಲಿ ಬೇಸಿನ್ನು, ನೀರು ಹರಿಯಲು ನೆಲದ ವಾಟ ಈ ಕಡೆಗೆ. ದರ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಅಂಗೈಯಷ್ಟು ಚಿತ್ರ ನೋಡಿ ಯಾರಾದ್ರೂ ಕೋಟು ಹೊಲೀತಾರಾ ಮೇಸ್ತ್ರಿ? ಅಳತೆ, ಕಟಿಂಗು, ಟ್ರಯಲ್ಲು. ಆಮೇಲೆ ಹೊಲಿಗೆ. ಅಳತೆ ವಿಷಯ ನನಗೆ ಬಿಡಿ.”

“ಬಾಗಿಲು, ಗೋಡೆ, ಎಲ್ಲಾನೂ?”

“ಎಲ್ಲಾನೂ! ಮೂವತ್ತು ವರ್ಷದಿಂದ ಊರಿನ ಮೈ ಅಳೆದಿದ್ದೀನಿ, ಒಂದು ಬಚ್ಚಲು ಅಳೆಯೋಕೆ ಬರಲ್ವಾ? ಟಬ್ಬಿನ ಸುದ್ದಿ ಮಾತ್ರ ಮನೆಯವಳ ಕಿವಿಗೆ ಬೀಳಬಾರದು.”

ಮೇಸ್ತ್ರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದ. ದರ್ಜಿ ಕೆಲಸಕ್ಕೆ ಇಳಿದ. ಹಳೆಯ ಪೇಪರುಗಳಲ್ಲಿ ಕಮೋಡು, ಬೇಸಿನ್ನು ಎಲ್ಲವನ್ನೂ ನಿಜದ ಗಾತ್ರಕ್ಕೇ ಕತ್ತರಿಸಿ ಅಂಗಡಿಯಲ್ಲಿ ತೂಗುಹಾಕಿದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹೆಂಡತಿ ಕಮೋಡಿನ ಮುಚ್ಚಳದ ಪೇಪರು ನೋಡಿ, “ಯಾರ್ರೀ ಈ ಗಿರಾಕಿ? ಕಾಲರೇ ಇಷ್ಟು ದೊಡ್ಡದಿದ್ರೆ ಕುತ್ತಿಗೆ ಎಷ್ಟಿರಬಹುದು?” ಎಂದು ಮೂಗಿನ ಮೇಲೆ ಬೆರಳಿಟ್ಟಳು. ದರ್ಜಿ ಕೆಮ್ಮಿ ಆ ಪೇಪರನ್ನು ಮಡಚಿಟ್ಟ.

ಟಬ್ಬಿಗೆ ಸಾಲುವಷ್ಟು ದೊಡ್ಡ ಪೇಪರು ಸಿಗಲಿಲ್ಲ. ಹೆಂಡತಿ ಸಂತೆಗೆ ಹೋದ ಹೊತ್ತು ನೋಡಿಕೊಂಡು, ಹಿತ್ತಲಿನ ಸಿಮೆಂಟು ನೆಲದ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಟಬ್ಬಿನ ಆಕಾರ ಬರೆದ. ಬರೆದ ಮೇಲೆ ಟ್ರಯಲ್ಲು ಆಗಬೇಕಲ್ಲ? ಚಪ್ಪಲಿ ಬಿಟ್ಟು, ಗೆರೆಯೊಳಗೆ ಅಂಗಾತ ಮಲಗಿದ. ಎರಡೂ ಕೈ ಎದೆಯ ಮೇಲೆ ಜೋಡಿಸಿದ. ಕಣ್ಣು ಮುಚ್ಚಿದ. ಬೆಚ್ಚನೆಯ ನೀರು ಕುತ್ತಿಗೆಯವರೆಗೆ ಬಂದಿದೆ ಎಂದು ಭಾವಿಸಿಕೊಂಡ. ಭಯಸ್ಥನ ಮುಖದಲ್ಲಿ ಅಪರೂಪಕ್ಕೆ ಒಂದು ಶಾಂತಿ ಮೂಡಿತು. ತೃಪ್ತಿಯಿಂದ ನಿಟ್ಟುಸಿರುಬಿಟ್ಟು ಎದ್ದು, ಭುಜದ ಹತ್ತಿರ ಗೆರೆ ಒರೆಸಿ ಕೊಂಚ ಒಳಗೆ ತಂದ. ಜಾಗ ಉಳಿಯಲಿ ಎಂದು. ಮತ್ತೆ ಮಲಗಿದ.

ಮಹಡಿಯ ಮೇಲಿನ ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ಸು ವಾಸವಾಗಿದ್ದರು. ಅವರ ಅಡುಗೆಮನೆಯ ಕಿಟಕಿ ನೇರ ಈ ಹಿತ್ತಲಿಗೆ ತೆರೆಯುತ್ತಿತ್ತು. ಶಾಲೆ ಬಿಟ್ಟ ಮೇಲೂ ಅವರ ಕಣ್ಣು ಹಾಜರಿ ತೆಗೆಯುವುದನ್ನು ಬಿಟ್ಟಿರಲಿಲ್ಲ. ಅವರು ಕಂಡದ್ದೇನು? ಕೆಳಗಿನ ಮನೆಯ ಯಜಮಾನ ನೆಲದ ಮೇಲೆ ಆಳುದ್ದದ ಪೆಟ್ಟಿಗೆ ಬರೆದು, ಅದರೊಳಗೆ ಕಣ್ಣು ಮುಚ್ಚಿ, ಕೈ ಜೋಡಿಸಿ, ನಿಶ್ಚಲವಾಗಿ ಮಲಗಿದ್ದಾನೆ! ಅವರ ಕೈಲಿದ್ದ ಸೌಟು ಸಿಂಕಿಗೆ ಬಿತ್ತು.

ಹೋದ ವಾರವಷ್ಟೇ ಅವನು ಎದೆಯುರಿ ಎಂದು ಡಾಕ್ಟರ ಹತ್ತಿರ ಹೋಗಿದ್ದು ಅವರಿಗೆ ಗೊತ್ತಿತ್ತು. ಡಾಕ್ಟರು ಏನೂ ಇಲ್ಲ ಎಂದು ಕಳಿಸಿದ್ದರಂತೆ. ಡಾಕ್ಟರುಗಳು ಯಾವಾಗ ಏನೂ ಇಲ್ಲ ಎನ್ನುತ್ತಾರೆ ಎಂಬುದು ಹೆಡ್‌ಮಿಸ್ಸಿಗೆ ತಿಳಿಯದ ವಿಷಯವೇ?

ಸಂಜೆಗೆ ದರ್ಜಿಯ ಹೆಂಡತಿಯನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡರು. “ನೋಡಮ್ಮಾ, ನೀನು ನನ್ನ ಮಗಳ ಹಾಗೆ. ಎದೆ ಗಟ್ಟಿ ಮಾಡ್ಕೋ. ನಿನ್ನ ಗಂಡ ತನ್ನ ಪೆಟ್ಟಿಗೆಗೆ ತಾನೇ ಅಳತೆ ತಗೋತಿದ್ದಾನೆ.”

“ಯಾವ ಪೆಟ್ಟಿಗೆ ಮಿಸ್?”

“ಕೊನೇದು. ಮಣ್ಣಿಗೆ ಹೋಗೋದು.”

ಹೆಂಡತಿ ಹಿತ್ತಲಿಗೆ ಓಡಿದಳು. ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಗಂಡನ ಎತ್ತರಕ್ಕೆ ಸರಿಯಾಗಿ ಇತ್ತು. ತಲೆಯ ಕಡೆ ಅವನ ಎಣ್ಣೆ ಹಚ್ಚಿದ ಕೂದಲಿನ ಕಲೆಯೂ ಇತ್ತು. ಬಚ್ಚಲಿನೊಳಗೆ ಪಾಚಿ ಕೆರೆಯುವುದಕ್ಕೇ ಬಿಡುವಿಲ್ಲದ ಆ ಮನೆಯಲ್ಲಿ ಬಾತ್‌ಟಬ್ಬು ಎಂಬ ವಸ್ತು ಯಾರ ಕನಸಿಗೂ ಬರುವಂಥದ್ದಲ್ಲ. ಅವಳು ಸೆರಗು ಬಾಯಿಗೊತ್ತಿಕೊಂಡಳು.

“ಕೇಳಬೇಡ,” ಎಂದರು ಹೆಡ್‌ಮಿಸ್ಸು ಹಿಂದಿನಿಂದ. “ನಮಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾದ್ರೆ ಕುಸಿದುಹೋಗ್ತಾನೆ. ಪುಕ್ಕಲ ಬೇರೆ. ಪ್ರೀತಿಯಿಂದ ನೋಡ್ಕೋ, ಸಾಕು.”

ಅಂದಿನಿಂದ ದರ್ಜಿಯ ಮನೆಯಲ್ಲಿ ಪ್ರೀತಿ ಶುರುವಾಯಿತು.

ಮರುದಿನ ಬೆಳಿಗ್ಗೆ ಅವನು ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದ. ಎಸೆದು, ಅಭ್ಯಾಸದಂತೆ ಹೆಗಲು ಕುಗ್ಗಿಸಿಕೊಂಡು ಕಾದ. ಏನೂ ಬರಲಿಲ್ಲ. ಹೆಂಡತಿ ಮೆಲ್ಲಗೆ ಬಂದು ಟವೆಲು ಎತ್ತಿ, ಅದನ್ನು ಎದೆಗೆ ಒತ್ತಿಕೊಂಡು ಹೋದಳು. ದರ್ಜಿ ಅವಳು ಹೋದ ದಾರಿಯನ್ನೇ ನೋಡಿದ. ಊಟಕ್ಕೆ ಕೂತಾಗ ಬೇಕೆಂದೇ ಒಂದು ಲೋಟ ಉರುಳಿಸಿದ. “ಹೋಗಲಿ ಬಿಡ್ರೀ,” ಎಂದಳು. ಮದುವೆಯಾದ ಮೇಲೆ ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ದರ್ಜಿ ಉರುಳಿದ ಲೋಟವನ್ನು ತಾನೇ ಎತ್ತಿಟ್ಟ.

“ನಿಮಗೆ… ಏನಾದ್ರೂ ಆಸೆ ಇದ್ಯೇನ್ರೀ?” ಎಂದು ಹೆಂಡತಿ ನೆಲ ನೋಡುತ್ತಾ ಕೇಳಿದಳು.

ಟಬ್ಬಿನ ಸುಳಿವು ಇವಳಿಗೆ ಸಿಕ್ಕಿರಬೇಕು ಎಂದು ಅವನು ಗಲಿಬಿಲಿಗೊಂಡ. “ಇದೆ ಕಣೇ. ಈಗ ಹೇಳಲ್ಲ. ಮನೆಗೆ ಬಂದ ಮೇಲೆ ನೀನೇ ನೋಡ್ತೀಯಲ್ಲ.”

ಅವಳು ಒಳಗೆ ಓಡಿದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಮೂಗು ಸೀಟಿದ ಸದ್ದು.

ಇಷ್ಟರಲ್ಲಿ ಸುದ್ದಿ ಬೀದಿಗೆ ಇಳಿದಿತ್ತು. ಹೆಡ್‌ಮಿಸ್ಸು ಗುಟ್ಟನ್ನು ಯಾರಿಗೂ ಹೇಳಬೇಡಿ ಎಂಬ ಕಟ್ಟಪ್ಪಣೆಯ ಜೊತೆಗೇ ಎಲ್ಲರಿಗೂ ಹೇಳಿದ್ದರು. ದರ್ಜಿಯ ಅಂಗಡಿಗೆ ಗಿರಾಕಿಗಳ ಸಾಲು ಹತ್ತಿತು. ಮೊದಲು ಬಂದವನು ಇಸ್ತ್ರಿ ಅಂಗಡಿಯವನು.

“ಟೈಲರಣ್ಣ, ನನ್ನ ಪ್ಯಾಂಟು…”

“ಮುಂದಿನ ತಿಂಗಳು ಕೊಡ್ತೀನಿ ಅಂದಿದ್ದೆನಲ್ಲಪ್ಪಾ.”

“ಮುಂದಿನ ತಿಂಗಳಾ?” ಇಸ್ತ್ರಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. “ಬೇಡಣ್ಣ. ನಾಳೆ ನಾಡಿದ್ದರಲ್ಲಿ ಆದರೆ ಮಾಡಿ. ಇಲ್ಲ ಅಂದ್ರೆ ಬಟ್ಟೆ ಹಾಗೇ ಕೊಟ್ಟುಬಿಡಿ. ಮನುಷ್ಯನ ಕೈಲಿ ಏನಿದೆ?”

ಅವನ ಹಿಂದೆ ದಪ್ಪ ಹೆಂಗಸೊಬ್ಬಳು ನಿಂತಿದ್ದಳು. ರವಿಕೆ ಬಿಗಿಯಾಯಿತು ಎಂದು ವರ್ಷಕ್ಕೆರಡು ಸಲ ಜಗಳ ಮಾಡುವವಳು. ಈಗ ಅವಳು ತಲೆಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. “ತಪ್ಪು ರವಿಕೇದಲ್ಲ ಅಣ್ಣ, ನಾನೇ ದಪ್ಪ ಆಗಿದ್ದೆ. ಇದನ್ನ ಹೇಳಿಬಿಡೋಣ ಅಂತ ಬಂದೆ.”

ಹೆಂಗಸೊಬ್ಬಳು ತಾನೇ ದಪ್ಪವಾದೆನೆಂದು ಒಪ್ಪಿಕೊಳ್ಳುವುದು ಸಾಮಾನ್ಯ ಸಂಗತಿಯೇ? ದರ್ಜಿಯ ಕಾಲು ಹೊಲಿಗೆಯಂತ್ರದ ಪೆಡಲಿನ ಮೇಲೆ ತಾನಾಗಿ ನಡುಗಿ, ಯಂತ್ರ ಯಾರದೋ ಅಂಗಿಯ ಎರಡೂ ತೋಳುಗಳನ್ನು ಸೇರಿಸಿ ಹೊಲಿದುಬಿಟ್ಟಿತು. ಇವರಿಗೆಲ್ಲ ಏನೋ ಗೊತ್ತಿದೆ. ನನಗೆ ಮಾತ್ರ ಗೊತ್ತಿಲ್ಲ. ಎದೆಯುರಿ!

ಅಂಗಡಿ ಬಾಗಿಲೆಳೆದು ಡಾಕ್ಟರ ಹತ್ತಿರ ಓಡಿದ. ಆದರೆ ಹೆಡ್‌ಮಿಸ್ಸು ಅವನಿಗಿಂತ ಮುಂಚೆಯೇ ಅಲ್ಲಿಗೆ ಹೋಗಿ, ಪಾಪದ ಮನುಷ್ಯ ಬದುಕುವ ಆಸೆಯನ್ನೇ ಬಿಟ್ಟಿದ್ದಾನೆ, ಹುಷಾರಾಗಿ ಮಾತಾಡಿ ಎಂದು ಹೇಳಿ ಬಂದಿದ್ದರು. ಡಾಕ್ಟರು ಎದ್ದು ಬಂದು ದರ್ಜಿಯ ಕೈ ಹಿಡಿದು ಕೂರಿಸಿದರು. ಡಾಕ್ಟರು ಎದ್ದು ನಿಂತದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ. ಅವರಿಗೆ ಕಾಲಿದೆ ಎಂಬುದೇ ಗೊತ್ತಿರಲಿಲ್ಲ.

“ಸಾರ್, ನಿಜ ಹೇಳಿ. ಅವತ್ತು ನನಗೆ ಏನೂ ಇಲ್ಲ ಅಂದ್ರಿ.”

“ಏನೂ ಇಲ್ಲ. ಆದರೆ ನೀವು ಧೈರ್ಯವಾಗಿರಬೇಕು.”

“ಏನೂ ಇಲ್ಲದ ಮೇಲೆ ಧೈರ್ಯ ಯಾಕೆ ಸಾರ್?”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ದಿನಾ ಸಂಜೆ ಹೂವು, ಆಕಾಶ, ಇಂಥದ್ದೆಲ್ಲ ನೋಡಿ. ಒಬ್ಬರೇ ಇರಬೇಡಿ. ಮುಖ್ಯವಾಗಿ, ಮಲಗೋದಿದ್ರೆ ಮಂಚದ ಮೇಲೇ ಮಲಗಿ.”

“ಔಷಧಿ?”

“ಬೇಡ.”

“ಫೀಸು?”

“ಛೆ ಛೆ, ಅದೂ ಬೇಡ.”

ದರ್ಜಿ ಆಸ್ಪತ್ರೆಯಿಂದ ಹೊರಬಿದ್ದ. ಔಷಧಿ ಬೇಡ ಎಂದಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಫೀಸೂ ಬೇಡವೆಂದ ಮೇಲೆ ಇನ್ನೇನು ಉಳಿಯಿತು? ದಾರಿಯಲ್ಲಿ ಒಂದು ನಾಯಿ ಎದುರಾಯಿತು. ಅದೂ ಬೊಗಳದೆ ಪಕ್ಕಕ್ಕೆ ಸರಿಯಿತು. ದರ್ಜಿ ಅಲ್ಲೇ ಮೋಟುಗೋಡೆಯ ಮೇಲೆ ಕೂತು ಗಳಗಳ ಅತ್ತುಬಿಟ್ಟ.

ಪ್ರಾಣದ ಚಿಂತೆ ಹತ್ತಿದ ಮೇಲೆ ಬಚ್ಚಲುಮನೆ, ಕಮೋಡು, ಟಬ್ಬು ಎಲ್ಲವೂ ಅವನ ತಲೆಯಿಂದ ಇಳಿದುಹೋದವು. ಅಂದೇ ಮೇಸ್ತ್ರಿಗೆ ಕೊಟ್ಟು ಟಬ್ಬು ತರಿಸಲು ಹೇಳಿದ್ದ ಅಳತೆಯೂ ನೆನಪಿನಲ್ಲಿ ಉಳಿಯಲಿಲ್ಲ. ದಿನವೂ ದೇವರ ಪಟದ ಮುಂದೆ ಕೂತು, “ಅಪ್ಪಾ, ಕರೆಸಿಕೊಳ್ಳೋದಾದ್ರೆ ಕರೆಸಿಕೋ. ಆದರೆ ಸ್ವಲ್ಪ ಮುಂಚೆ ತಿಳಿಸು, ಎದೆ ಧಸಕ್ಕೆನ್ನದ ಹಾಗೆ,” ಎಂದು ಬೇಡಿಕೊಳ್ಳುತ್ತಿದ್ದ. ಭಗವಂತ ಮಾತಾಡಲಿಲ್ಲ. ಬಹುಶಃ ಅವನಿಗೆ ನಗು ತಡೆಯಲು ಕಷ್ಟವಾಗುತ್ತಿದ್ದಿರಬೇಕು.

ಆ ಭಾನುವಾರ ಹೆಂಡತಿಯ ತಮ್ಮ ಬಂದ. ಇವನ ಮದುವೆಯ ಕೋಟನ್ನು ದರ್ಜಿಯೇ ಹೊಲಿದಿದ್ದ. ಮದುವೆಯ ದಿನ, ಎಲ್ಲರೆದುರು ಹಿರಿಯರಿಗೆ ಬಗ್ಗಿ ನಮಸ್ಕಾರ ಮಾಡುವಾಗ, ಆ ಕೋಟು ಬೆನ್ನಿನ ನಡುವೆ ಚರ್ರನೆ ಬಿಟ್ಟುಕೊಂಡಿತ್ತು. ಅಂದಿನಿಂದ ಭಾವ ಭಾವಮೈದುನರಿಗೆ ಮಾತಿಲ್ಲ. ಈಗ ಅವನು ಬೆನ್ನಿಗೆ ಹೊಲಿಗೆ ಹಾಕಿಸಿದ ಅದೇ ಕೋಟು ತೊಟ್ಟುಕೊಂಡು, ಕೈಗಳನ್ನು ಪಕ್ಕಕ್ಕೆ ಚಾಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಕೈ ಇಳಿಸಲು ಕೋಟು ಬಿಡುತ್ತಿರಲಿಲ್ಲ.

“ಭಾವಾ,” ಎಂದ, ಗದ್ಗದ ಕಂಠದಲ್ಲಿ. “ಕ್ಷಮಿಸಿದ್ದೀನಿ.”

“ಏನನ್ನ?”

“ಬೆನ್ನನ್ನ.”

ದರ್ಜಿಗೆ ಉಳಿದಿದ್ದ ಒಂದೆಳೆ ಆಸೆಯೂ ಹರಿಯಿತು. ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದವನು ಕ್ಷಮಿಸಿದ್ದಾನೆ. ಅಂದರೆ ಈ ಜನ್ಮ ಮುಗಿಯಿತು ಎಂದೇ ಅರ್ಥ.

ಹೆಂಡತಿ ಬಾಗಿಲ ಹಿಂದೆ ಬಿಕ್ಕಿದಳು. ಹೆಡ್‌ಮಿಸ್ಸು ಸಾಂತ್ವನಕ್ಕೆಂದು ಕೆಳಗಿಳಿದು ಬಂದರು. ಸರಿಯಾಗಿ ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಒಂದು ಮೆರವಣಿಗೆ ಕಾಣಿಸಿತು.

ಸಾಮಾನಿನ ಗಾಡಿ ಓಣಿಗೆ ತಿರುಗಲಾರದೆ ಹೊರಗೇ ನಿಂತಿದ್ದರಿಂದ ಮೇಸ್ತ್ರಿಯ ನಾಲ್ಕು ಆಳುಗಳು ಅದನ್ನು ಹೆಗಲ ಮೇಲೆ ಹೊತ್ತಿದ್ದರು. ಉದ್ದವಾದದ್ದು. ಮಗುಚಿ ಹಾಕಿದ್ದು. ಗೋಣಿಯಿಂದ ಸುತ್ತಿ ಹಗ್ಗ ಬಿಗಿದದ್ದು. ಭಾರಕ್ಕೆ ಅವರು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ, ತಲೆ ತಗ್ಗಿಸಿ ಬರುತ್ತಿದ್ದರು. ಮುಂದೆ ಮೇಸ್ತ್ರಿ, ಬಿಸಿಲಿಗೆ ತಲೆಯ ಮೇಲೆ ಬಿಳಿ ಟವೆಲು ಹೊದ್ದುಕೊಂಡು.

ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಎದ್ದು ನಿಂತ. ಅದರ ಕೆಳಗಿದ್ದ ಅಂಗಿ ಹೊಗೆಯಾಡಿತು. ಯಾರೂ ಅದನ್ನು ಗಮನಿಸಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಇಳಿದು ಟೋಪಿ ತೆಗೆದ. ದಪ್ಪ ಹೆಂಗಸು ಹಿಂದೆ ಸೇರಿಕೊಂಡಳು, ಅವಳ ಹಿಂದೆ ಇನ್ನಷ್ಟು ಜನ.

“ಇಷ್ಟು ಬೇಗ ತರಿಸಿಬಿಟ್ಟನಾ!” ಎಂದು ಹೆಡ್‌ಮಿಸ್ಸು ಉಸುರಿದರು.

ದರ್ಜಿ ಹೊಲಿಗೆಯಂತ್ರದ ಮುಂದಿನಿಂದ ಮೆಲ್ಲಗೆ ಎದ್ದ. ಮೆರವಣಿಗೆ ಎಲ್ಲಾ ಮನೆಗಳನ್ನೂ ದಾಟಿತು. ದಾಟಿ, ಅವನ ಮನೆಯ ಮುಂದೆಯೇ ನಿಂತಿತು. ಮೇಸ್ತ್ರಿ ಟವೆಲಿನಿಂದ ಮುಖ ಒರೆಸಿಕೊಂಡು ಕೂಗಿದ:

“ಟೈಲರಣ್ಣಾ, ನಿಮ್ಮದು ಬಂತು! ಎಲ್ಲಿ ಇಳಿಸೋಣ?”

“ಮುಂಚೆ ತಿಳಿಸು ಅಂದಿದ್ದೆನಲ್ಲಪ್ಪಾ ತಂದೇ…” ಎಂದು ದರ್ಜಿ ದೇವರ ಪಟದ ಕಡೆ ನೋಡಿದ. ಅಷ್ಟೇ. ಬುಡ ಕಡಿದ ಬಾಳೆಗಿಡದ ಹಾಗೆ ಕುಸಿದ.

ಹೆಂಡತಿ ಚೀರಿದಳು. ಭಾವಮೈದುನ ಹಿಡಿಯಲು ಬಗ್ಗಿದ. ಕೋಟು ಬೆನ್ನಿನ ನಡುವೆ ಮತ್ತೊಮ್ಮೆ ಚರ್ರೆಂದಿತು. ಹೆಡ್‌ಮಿಸ್ಸು “ಗಾಳಿ ಬಿಡಿ, ಗಾಳಿ ಬಿಡಿ!” ಎನ್ನುತ್ತಾ ತಾವೇ ಬಾಗಿಲಿಗೆ ಅಡ್ಡ ನಿಂತರು. ಕೋಣೆಯ ತುಂಬ ಕತ್ತರಿಸಿದ ಬಟ್ಟೆ, ಪಿನ್ನು, ಜನ. ಮಲಗಿಸಲು ಅಂಗೈಯಗಲ ನೆಲವಿಲ್ಲ. ಮೇಸ್ತ್ರಿಗೆ ಬುದ್ಧಿ ಓಡಿತು. ಆಳುಗಳಿಗೆ ಸನ್ನೆ ಮಾಡಿ ಗೋಣಿ ಬಿಚ್ಚಿಸಿ, ಹೊತ್ತದ್ದನ್ನು ಜಗಲಿಯ ಮೇಲೆ ನೆಟ್ಟಗೆ ಇರಿಸಿ, ದರ್ಜಿಯನ್ನು ಎತ್ತಿ ಅದರೊಳಗೇ ಮಲಗಿಸಿದ.

ದರ್ಜಿಗೆ ಎಚ್ಚರವಾಯಿತು. ಕಣ್ಣು ತೆರೆಯಲು ಧೈರ್ಯ ಸಾಲಲಿಲ್ಲ. ಬೆನ್ನ ಕೆಳಗೆ ತಣ್ಣಗಿದೆ. ಎರಡೂ ಪಕ್ಕದಲ್ಲಿ ನುಣುಪಾದ ಗೋಡೆ. ಮೇಲೆಲ್ಲೋ ಹೆಂಡತಿ ಅಳುತ್ತಿದ್ದಾಳೆ. ಯಾರೋ ತನ್ನ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದಾರೆ. ಆಯಿತು, ಎಂದುಕೊಂಡ. ಒಳಗಿದ್ದೀನಿ. ಭಗವಂತಾ, ನಿನ್ನ ಇಚ್ಛೆ. ಬಾಳು ಪೂರ್ತಿ ಹೆದರಿದ ಮನುಷ್ಯ, ಹೆದರುವುದಕ್ಕೆ ಇನ್ನೇನೂ ಉಳಿದಿಲ್ಲವೆಂಬ ಆ ಜಾಗಕ್ಕೆ ಬಂದು ಮುಟ್ಟಿ, ಒಂದು ಗಳಿಗೆ ತಿಳಿನೀರಿನ ಹಾಗೆ ಶಾಂತನಾದ.

ಆದರೆ ಎಷ್ಟಾದರೂ ದರ್ಜಿ. ಭುಜ ಕೊಂಚ ಅಲ್ಲಾಡಿಸಿ ನೋಡಿದ. ಇನ್ನೊಮ್ಮೆ ಅಲ್ಲಾಡಿಸಿದ. ತಡೆಯಲಾಗಲಿಲ್ಲ.

“ಭುಜದ ಹತ್ತಿರ ಬಿಗಿ ಆಯ್ತಲ್ರೀ!” ಎಂದ, ಕಣ್ಣು ಮುಚ್ಚಿಕೊಂಡೇ.

ಜನ ಒಂದು ಹೆಜ್ಜೆ ಹಿಂದಕ್ಕೆ ಹಾರಿದರು. ಮೇಸ್ತ್ರಿಗೆ ಮಾತ್ರ ಕೋಪ ಬಂತು. “ನೀವೇ ಕೊಟ್ಟ ಅಳತೆ ಸ್ವಾಮೀ! ಜಾಗ ಉಳಿಯಲಿ, ಭುಜದಲ್ಲಿ ಕಮ್ಮಿ ಇರಲಿ ಅಂದವರು ಯಾರು?”

ಹೆಡ್‌ಮಿಸ್ಸು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಮೇಸ್ತ್ರಿ, ಪೆಟ್ಟಿಗೆಯ ತಳದಲ್ಲಿ ತೂತು ಯಾಕಿದೆ?”

“ತೂತಿಲ್ಲದಿದ್ರೆ ನೀರು ಎಲ್ಲಿಂದ ಹೋಗುತ್ತೆ ಮಿಸ್?”

“ಸತ್ತವರಿಗೆ ನೀರು ಯಾಕಪ್ಪಾ?”

“ಸತ್ತವರು ಯಾರು?”

ಎಲ್ಲರೂ ಟಬ್ಬಿನೊಳಗೆ ಬಗ್ಗಿದರು. ದರ್ಜಿ ಒಂದು ಕಣ್ಣು ತೆರೆದ. ಬೆಳ್ಳಗೆ, ನುಣ್ಣಗೆ, ದೊಡ್ಡ ಮನೆಯಲ್ಲಿ ಕಂಡಂಥದ್ದೇ. ಇನ್ನೊಂದು ಕಣ್ಣೂ ತೆರೆದ. “ಅಯ್ಯೋ, ಟಬ್ಬು!” ಎಂದ. ಆಮೇಲೆ ಹೆಂಡತಿಯ ಮುಖ ನೋಡಿ, “ನಿನಗೆ ಗೊತ್ತಾಗಬಾರದು ಅಂತಿದ್ದೆ,” ಎಂದ, ಅಪರಾಧಿಯ ದನಿಯಲ್ಲಿ.

ಗೋಜಲು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಹೆಡ್‌ಮಿಸ್ಸು ತಮ್ಮ ಹಾಲು ಉಕ್ಕುತ್ತಿರುವುದು ಇದ್ದಕ್ಕಿದ್ದಂತೆ ನೆನಪಾಗಿ ಮಹಡಿ ಹತ್ತಿದರು. ದಪ್ಪ ಹೆಂಗಸು, ರವಿಕೆ ಬಿಗಿಯಾದದ್ದು ದರ್ಜಿಯ ತಪ್ಪೇ ಎಂದು ಹೊರಡುವ ಮುಂಚೆ ಸ್ಪಷ್ಟಪಡಿಸಿದಳು. ಭಾವಮೈದುನ ಬೆನ್ನಿನ ಹರಿದ ಭಾಗವನ್ನು ಗೋಡೆಗೆ ಒತ್ತಿಕೊಂಡು, ಕೊಟ್ಟ ಕ್ಷಮೆಯನ್ನು ವಾಪಸು ಪಡೆಯಬಹುದೇ ಎಂದು ಯೋಚಿಸುತ್ತಾ ನಿಂತ.

“ಸರಿ, ಒಳಗೆ ಸೇರಿಸಿ ಹೋಗ್ತೀವಿ,” ಎಂದು ಮೇಸ್ತ್ರಿ ಟಬ್ಬನ್ನು ಎತ್ತಿಸಿದ.

ಬಚ್ಚಲುಮನೆಯ ಬಾಗಿಲಲ್ಲಿ ಮೆರವಣಿಗೆ ನಿಂತಿತು. ಟಬ್ಬು ನೇರವಾಗಿ ಹೋಗಲಿಲ್ಲ. ಅಡ್ಡಲಾಗಿ ಹೋಗಲಿಲ್ಲ. ನಿಲ್ಲಿಸಿ ನೋಡಿದರು, ಓರೆ ಮಾಡಿ ನೋಡಿದರು. ಒಳಗಿನ ಜಾಗಕ್ಕೆ ಟಬ್ಬು ಕೂದಲೆಳೆ ತಪ್ಪದಂತೆ ಕೂರುವಂತಿತ್ತು. ಒಳಗೆ ಹೋಗುವುದಕ್ಕೆ ಮಾತ್ರ ದಾರಿಯಿರಲಿಲ್ಲ. ಎದೆ, ಸೊಂಟ, ತೋಳು ಎಲ್ಲವನ್ನೂ ಅಚ್ಚುಕಟ್ಟಾಗಿ ಹೊಲಿದು, ತಲೆ ತೂರಿಸಲು ಕತ್ತು ಬಿಡುವುದನ್ನೇ ಮರೆತ ಅಂಗಿಯ ಹಾಗೆ.

“ಬಾಗಿಲು ಅಳೆದಿದ್ರಾ?” ಎಂದ ಮೇಸ್ತ್ರಿ.

ದರ್ಜಿ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತ.

ಹಿತ್ತಲ ಮೂಲೆಯಲ್ಲಿ ಆ ಟಬ್ಬು ಈಗಲೂ ಇದೆ. ಹೊಲಿಯುವ ಮುಂಚೆ ಕುಗ್ಗಿಸಲೆಂದು ಗಿರಾಕಿಗಳ ಹತ್ತಿಬಟ್ಟೆಯನ್ನು ಅದರಲ್ಲಿ ನೆನೆಹಾಕುತ್ತಾರೆ. ಬಚ್ಚಲುಮನೆಗೆ ಜಾರದ ನೆಲ ಬಂತು, ಗೋಡೆಗೆ ಕಂಬಿ ಬಂತು, ಹೆಂಡತಿ ಹೇಳಿದ್ದಷ್ಟೇ ಬಂತು. ಆದರೆ ಅದೆಲ್ಲ ಆಮೇಲಿನ ಮಾತು.

ಆ ಹೊತ್ತಿನಲ್ಲಿ ಎಲ್ಲರೂ ಇನ್ನೂ ಬಚ್ಚಲ ಬಾಗಿಲ ಮುಂದೆಯೇ ಇದ್ದರು. ಹೆಂಡತಿ ಟಬ್ಬನ್ನು ನೋಡಿದಳು, ಬಾಗಿಲನ್ನು ನೋಡಿದಳು, ಗಂಡನನ್ನು ನೋಡಿದಳು. ಕಣ್ಣಲ್ಲಿ ನೀರು ಇನ್ನೂ ಆರಿರಲಿಲ್ಲ. ದರ್ಜಿ ಉಸಿರು ಬಿಗಿಹಿಡಿದು ಕಾದ. ಈಗಲೂ ಇವಳು ‘ಹೋಗಲಿ ಬಿಡ್ರೀ’ ಎಂದುಬಿಟ್ಟರೆ? ಡಾಕ್ಟರ ಕನ್ನಡಕ, ಬೊಗಳದ ನಾಯಿ, ಎಲ್ಲ ಒಂದೇ ಸಲ ನೆನಪಾದವು.

“ನೀವೂ ಒಬ್ಬ ಟೈಲರ್ರಾ?” ಎಂದಳು ಹೆಂಡತಿ.

ದರ್ಜಿಯ ಹೆಗಲು ಸಡಿಲವಾಯಿತು.

“ಮೂವತ್ತು ವರ್ಷ ಅಳೆದ್ರಂತೆ! ಮನೇಲಿರೋ ಬಾಗಿಲು ಕಾಣಲಿಲ್ವಾ ಕಣ್ಣಿಗೆ? ದಿನಾ ಅದೇ ಬಾಗಿಲಲ್ಲಿ ತಾನೇ ಹೋಗಿ ಬರೋದು? ನೆಲ, ಕಂಬಿ, ಎರಡೇ ಮಾತು ಹೇಳಿದ್ದೆ! ಇವರು ಹೋಗಿ ಹಿತ್ತಲಲ್ಲಿ ಹೆಣದ ಹಾಗೆ ಮಲಗ್ತಾರಂತೆ, ನಾನಿಲ್ಲಿ ಸೆರಗು ಬಾಯಿಗೆ ತುರುಕ್ಕೊಂಡು ಅಳ್ತೀನಂತೆ! ಮಂಚದ ಮೇಲೆ ಒದ್ದೆ ಟವೆಲು ಹಾಕಿದ್ರಲ್ಲ ಅವತ್ತು, ಅದನ್ನೂ ಮರೆತಿಲ್ಲ ನಾನು! ಲೋಟ ಬೀಳಿಸಿದ್ದನ್ನೂ ಮರೆತಿಲ್ಲ!”

ಮೇಸ್ತ್ರಿಯ ಆಳುಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ದರ್ಜಿ ಟಬ್ಬಿನ ಅಂಚಿನ ಮೇಲೆ ಕೂತ. ಮಳೆಗೆ ಮುಖವೊಡ್ಡುವವನ ಹಾಗೆ ಮುಖ ಎತ್ತಿ, ಎರಡೂ ಕೈ ಮುಗಿದ. ಅದು ದೇವರಿಗೋ ಹೆಂಡತಿಗೋ ಅವನಿಗೇ ತಿಳಿಯಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ನಗುತ್ತಿತ್ತು.

“ಏನ್ ನಗ್ತೀರಿ? ನಾನಿನ್ನೂ ಮುಗಿಸಿಲ್ಲ!”

“ಮುಗಿಸಬೇಡ ಕಣೇ,” ಎಂದ ದರ್ಜಿ. “ಮುಗಿಸಬೇಡ.”